ಹಳೇ ಪಿಸಿಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಅಂಗಡಿಗೆ ಹೋಗುವ ಮುನ್ನ ಕ್ಯಾಬಿನೆಟ್ ತೆರೆಯಿರಿ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳ ವ್ಯಾಪಾರ ಜೋರು. ಡೆಲ್, ಎಚ್‌ಪಿ, ಲೆನೊವೊಗಳ ಆಫೀಸ್ ಪಿಸಿಗಳನ್ನು ಒರೆಸಿ, ಒಂದು ಎಸ್‌ಎಸ್‌ಡಿ ಹಾಕಿ ಮಾರುತ್ತಾರೆ. ಲೆಕ್ಕಪತ್ರ, ಆನ್‌ಲೈನ್ ಪಾಠ, ಸಿನಿಮಾಗಳಿಗೆ ಅವು ಧಾರಾಳ ಸಾಕು. ಮನೆಯ ಮಕ್ಕಳು ಹೊಸ ಗೇಮ್ ಹಾಕಿದಾಗ, ಅಥವಾ ಯಾರಾದರೂ ಮದುವೆ ವಿಡಿಯೊ ಎಡಿಟ್ ಮಾಡಲು ಕೂತಾಗ ಮಾತ್ರ ಯಂತ್ರ ಏದುಸಿರು ಬಿಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಯೋಚನೆ ಹುಟ್ಟುವುದು ಆಗಲೇ.

ಹೆಚ್ಚಿನವರು ಮೊದಲು ಹುಡುಕುವುದು ‘ಈ ಬೆಲೆಗೆ ಅತ್ಯುತ್ತಮ ಕಾರ್ಡ್ ಯಾವುದು’ ಎಂದು. ಹಳೇ ಪಿಸಿಯ ಮಟ್ಟಿಗೆ ಇದು ತಿರುಗುಮುರುಗಾದ ದಾರಿ. ಎಷ್ಟು ವಿದ್ಯುತ್ ಸಿಗುತ್ತದೆ, ಎಷ್ಟು ಜಾಗವಿದೆ, ಪ್ರೊಸೆಸರ್ ಎಷ್ಟು ವೇಗವಾಗಿ ಕೆಲಸ ಒದಗಿಸುತ್ತದೆ, ಎದುರಿಗಿರುವ ಮಾನಿಟರ್ ಯಾವುದು ಎಂಬ ನಾಲ್ಕು ಸಂಗತಿಗಳು ಕಾರ್ಡಿನ ಆಯ್ಕೆಯನ್ನು ಬಹುಪಾಲು ಮೊದಲೇ ತೀರ್ಮಾನಿಸಿರುತ್ತವೆ. ಇವನ್ನು ತಿಳಿಯದೆ ಕೊಟ್ಟ ದುಡ್ಡಿನಲ್ಲಿ ಅರ್ಧ ವ್ಯರ್ಥವಾಗಬಹುದು.

ಉದಾಹರಣೆಗೆ, ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೇರಳವಾಗಿರುವ ಡೆಲ್ ಆಪ್ಟಿಪ್ಲೆಕ್ಸ್ 9020 ಪಿಸಿಯನ್ನೇ ನೋಡಬಹುದು. 2013ರ ವಿನ್ಯಾಸ. ಒಳಗಿರುವುದು ಬಹುತೇಕ ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರ್, ಎಂದರೆ ಕೋರ್ ಐ5-4590ರಂಥದ್ದು: 4 ಕೋರ್, 4 ಥ್ರೆಡ್. ಪರದೆಯ ಮೇಲೆ ಚಿತ್ರ ಮೂಡಿಸುವ ಕೆಲಸವನ್ನು ಅದೇ ಚಿಪ್‌ನ ಒಂದು ಮೂಲೆಯಲ್ಲಿರುವ ಎಚ್‌ಡಿ 4600 ಎಂಬ ಪುಟ್ಟ ಘಟಕ ಮಾಡುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ. ಪಿಸಿಯ ರ‍್ಯಾಮ್‌ನಲ್ಲೇ ಪಾಲು ಪಡೆಯುತ್ತದೆ.

ಅದರ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ 1920 ಉದ್ದಸಾಲು, 1080 ಅಡ್ಡಸಾಲುಗಳಂತೆ ಸುಮಾರು 20.7 ಲಕ್ಷ ಚುಕ್ಕಿಗಳಿವೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕಿಗಳ ಬಣ್ಣ ಲೆಕ್ಕಹಾಕಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದನ್ನು ನೂರಾರು, ಸಾವಿರಾರು ಚಿಕ್ಕ ಕೋರ್‌ಗಳಿಗೆ ಹಂಚಿ, ತನ್ನದೇ ವೇಗದ ಮೆಮೊರಿ ಇಟ್ಟುಕೊಂಡು ಮಾಡಿಮುಗಿಸುತ್ತದೆ. ಹಾಗೆಂದು ಕಾರ್ಡ್ ಹಾಕಿದ ಮಾತ್ರಕ್ಕೆ ಪಿಸಿ ಬೇಗ ಆನ್ ಆಗುವುದಿಲ್ಲ, ಎಕ್ಸೆಲ್ ವೇಗವಾಗಿ ಓಡುವುದಿಲ್ಲ. ಆ ತೊಂದರೆಗಳಿಗೆ ಮದ್ದು ಎಸ್‌ಎಸ್‌ಡಿ ಮತ್ತು ರ‍್ಯಾಮ್.

ಈಗ ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯೋಣ. ಮೊದಲು ನೋಡಬೇಕಾದದ್ದು ಪಿಸಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್. ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಗ್ರಾಫಿಕ್ಸ್ ಕಾರ್ಡಿಗೆ ಗರಿಷ್ಠ 75 ವಾಟ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರ ಕೇಬಲ್ ಬೇಕು: 6 ಪಿನ್‌ನದು ಇನ್ನೂ 75 ವಾಟ್, 8 ಪಿನ್‌ನದು 150 ವಾಟ್ ತರುತ್ತದೆ. 9020 ಮಿನಿ ಟವರ್‌ನ ಎಸ್‌ಎಂಪಿಎಸ್ 290 ವಾಟ್‌ನದು, ಗ್ರಾಫಿಕ್ಸ್ ಕಾರ್ಡಿಗೆಂದು ಅದರಲ್ಲಿ ಕೇಬಲ್ ಇಲ್ಲ. ಅದನ್ನು ಬದಲಿಸುವುದೂ ಸಲೀಸಲ್ಲ. ಸಾಮಾನ್ಯ ಮದರ್‌ಬೋರ್ಡಿಗೆ 24 ಪಿನ್ ಕನೆಕ್ಟರ್ ಇದ್ದರೆ ಇದರದು ಡೆಲ್‌ನದೇ 8 ಪಿನ್. ಮಾರುಕಟ್ಟೆಯ ಎಸ್‌ಎಂಪಿಎಸ್ ಹಾಕಲು ಬೇರೆ ಅಡಾಪ್ಟರ್ ಕೇಬಲ್ ಬೇಕು.

ಇಲ್ಲಿ ಕೆಲವರು ಅಪಾಯದ ಅಡ್ಡದಾರಿ ಹಿಡಿಯುತ್ತಾರೆ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪವರ್ ಕೇಬಲ್‌ಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿ ಕಾರ್ಡಿನ 6 ಅಥವಾ 8 ಪಿನ್‌ಗೆ ಜೋಡಿಸುತ್ತಾರೆ. ಸಾಟಾ ಕನೆಕ್ಟರ್‌ನ 12 ವೋಲ್ಟ್ ಭಾಗ 54 ವಾಟ್‌ಗಷ್ಟೇ ರೂಪಿಸಿದ್ದು. ಅದರಿಂದ 100 ವಾಟ್ ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹೊತ್ತಬಹುದು. ಈ ಕೆಲಸವನ್ನು ಯಾವ ಕಾರಣಕ್ಕೂ ಮಾಡಬಾರದು.

ಬಿಡಿಭಾಗಗಳನ್ನು ಜೋಡಿಸಿದ ಪಿಸಿಯಾದರೆ ಇನ್ನೊಂದು ಪರೀಕ್ಷೆ ಇದೆ. ಕ್ಯಾಬಿನೆಟ್ ಜತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ ಮೇಲೆ ‘450 ವಾಟ್’ ಎಂದು ದಪ್ಪಕ್ಷರದಲ್ಲಿದ್ದರೂ ಅದನ್ನೇ ನಂಬಬೇಕಿಲ್ಲ. ಲೇಬಲ್‌ನಲ್ಲಿ 12 ವೋಲ್ಟ್ ಕಾಲಂನ ಆಂಪಿಯರ್ ಎಷ್ಟೆಂದು ನೋಡಿ, 12ರಿಂದ ಗುಣಿಸಬೇಕು. 25 ಆಂಪಿಯರ್ ಇದ್ದರೆ 300 ವಾಟ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು ಅಷ್ಟೇ.

ಎರಡನೆಯದು ಜಾಗ. ಆಪ್ಟಿಪ್ಲೆಕ್ಸ್‌ನ ಟವರ್ ಮಾದರಿಗೆ ಪೂರ್ಣ ಎತ್ತರದ ಕಾರ್ಡ್ ಹಿಡಿಸುತ್ತದೆ. ಮೇಜಿನ ಮೇಲೆ ಅಡ್ಡ ಮಲಗಿಸುವ ತೆಳ್ಳನೆಯ ಮಾದರಿಗೆ ಲೋ ಪ್ರೊಫೈಲ್ ಕಾರ್ಡೇ ಆಗಬೇಕು. ಅದರ ಹಿಂಬದಿಯ ಪಟ್ಟಿ ಸುಮಾರು 8 ಸೆಂ.ಮೀ., ಸಾಮಾನ್ಯ ಕಾರ್ಡಿನದು 12 ಸೆಂ.ಮೀ. ಉದ್ದವನ್ನೂ, ಪಕ್ಕದ ಸ್ಲಾಟ್ ಖಾಲಿ ಇದೆಯೇ ಎಂಬುದನ್ನೂ ಸ್ಕೇಲ್ ಹಿಡಿದು ಅಳೆದುಕೊಳ್ಳಬೇಕು.

ಮೂರನೆಯ ಮಿತಿ ಕಣ್ಣಿಗೆ ಕಾಣುವುದಿಲ್ಲ. ಗೇಮಿನ ಪ್ರತಿ ಫ್ರೇಮಿಗೂ ಪಾತ್ರಗಳ ಚಲನೆ, ಡಿಕ್ಕಿ, ಎದುರಾಳಿಯ ನಡೆಗಳನ್ನು ಪ್ರೊಸೆಸರ್ ಮೊದಲು ಲೆಕ್ಕ ಹಾಕಿ ಕೊಡಬೇಕು. ಕಾರ್ಡ್ ಬಣ್ಣ ತುಂಬುವುದು ಆಮೇಲೆ. ಪ್ರೊಸೆಸರ್ ಸೆಕೆಂಡಿಗೆ 50 ಫ್ರೇಮ್ ಒದಗಿಸಿದರೆ ಎಷ್ಟೇ ದುಬಾರಿ ಕಾರ್ಡ್ ಇದ್ದರೂ ಪರದೆಗೆ ಬರುವುದು 50 ಫ್ರೇಮೇ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗೇಮಿನ ರೆಸಲ್ಯೂಷನ್ ತೀರ ಕೆಳಗಿಳಿಸಿದಾಗ ಫ್ರೇಮ್‌ಗಳ ಸಂಖ್ಯೆ ಏರಿದರೆ ಸೋಲುತ್ತಿರುವುದು ಗ್ರಾಫಿಕ್ಸ್. ಏರದೆ ಅಲ್ಲೇ ನಿಂತರೆ ಪ್ರೊಸೆಸರ್‌ನ ಶಕ್ತಿ ಮುಗಿದಿದೆ ಎಂದರ್ಥ. ಆಗ ಕಾರ್ಡಿಗೆ ದುಡ್ಡು ಹಾಕುವ ಬದಲು ಹೊಸ ಪಿಸಿಗೆ ಕೂಡಿಡುವುದೇ ಲೇಸು.

ಈ ಮಿತಿಗಳ ನಡುವೆ ಹಾದುಬಂದಾಗ 9020ಕ್ಕೆ ಉಳಿಯುವ ಪಟ್ಟಿ ಚಿಕ್ಕದು. ಪ್ರತ್ಯೇಕ ಪವರ್ ಕೇಬಲ್ ಬೇಡದ ಕಾರ್ಡುಗಳಲ್ಲಿ ಮೂರು ಮುಖ್ಯ. ಎನ್‌ವಿಡಿಯಾದ ಜಿಟಿಎಕ್ಸ್ 1650, 2019ರದು, 75 ವಾಟ್, 4 ಜಿಬಿ. ಕೇಬಲ್ ಬೇಡುವ 1650ಗಳೂ ಇರುವುದರಿಂದ ಕೊಳ್ಳುವಾಗ ನೋಡಿಕೊಳ್ಳಬೇಕು. ಎಎಂಡಿಯ ಆರ್‌ಎಕ್ಸ್ 6400, 2022ರದು, 53 ವಾಟ್, 4 ಜಿಬಿ. ಮೂರನೆಯದು 2024ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ಯ 6 ಜಿಬಿ ಮಾದರಿ, 70 ವಾಟ್.

ಕಾಗದದ ಮೇಲೆ ಆರ್‌ಎಕ್ಸ್ 6400 ಹೇಳಿ ಮಾಡಿಸಿದಂತಿದೆ. ತೆಳ್ಳಗಿನ ಕ್ಯಾಬಿನೆಟ್‌ಗೂ ಹೊಂದುತ್ತದೆ, ವಿದ್ಯುತ್ತೂ ಕಡಿಮೆ. ಆದರೆ ಮದರ್‌ಬೋರ್ಡಿನೊಂದಿಗೆ ಅದು ಮಾತಾಡುವುದು 4 ಲೇನ್‌ಗಳ ಮೂಲಕ ಮಾತ್ರ. ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಬೋರ್ಡಿನಲ್ಲಿ ಆ ದಾರಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುತ್ತದೆ. 9020ರಲ್ಲಿರುವುದು 3.0, ಹಾಗಾಗಿ ಅರ್ಧಕ್ಕಿಳಿಯುತ್ತದೆ. 2011ರ ಬೋರ್ಡುಗಳಲ್ಲಿ 2.0 ಇದ್ದು ಕಾಲು ಭಾಗವಷ್ಟೇ ಉಳಿಯುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿ ಪಿಸಿಯ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕಾದಾಗ ಈ ಇಕ್ಕಟ್ಟು ಆಟವನ್ನು ಮುಗ್ಗರಿಸುತ್ತದೆ. ಅದರಲ್ಲಿ ವಿಡಿಯೊ ಎನ್‌ಕೋಡರ್ ಕೂಡ ಇಲ್ಲದ್ದರಿಂದ ಎಡಿಟಿಂಗ್‌ಗೆ ಸೂಕ್ತವಲ್ಲ.

ಆರ್‌ಟಿಎಕ್ಸ್ 3050ಗೆ 8 ಲೇನ್‌ಗಳಿವೆ, 2304 ಕೋರ್‌ಗಳಿವೆ. ಯೂಟ್ಯೂಬ್ ಈಗ ಬಳಸುವ ಎವಿ1 ವಿಡಿಯೊವನ್ನು ಬಿಡಿಸುವ ಘಟಕವೂ ಇದೆ. ಹಳೇ ಎಚ್‌ಡಿ 4600ರಲ್ಲಿ ಅದಿಲ್ಲ, ಎಲ್ಲವನ್ನೂ ಪ್ರೊಸೆಸರೇ ಹೊರಬೇಕು. ಲೋ ಪ್ರೊಫೈಲ್ ಮಾದರಿಗಳೂ ಸಿಗುತ್ತವೆ. ಡೆಲ್‌ನ 290 ವಾಟ್‌ನೊಳಗೆ 84 ವಾಟ್‌ನ ಪ್ರೊಸೆಸರ್ ಮತ್ತು 70 ವಾಟ್‌ನ ಈ ಕಾರ್ಡ್ ಆರಾಮಾಗಿ ಬಾಳುತ್ತವೆ. ಈ ಪಿಸಿಯ ಮಟ್ಟಿಗೆ ಗೆಲ್ಲುವುದು ಇದೇ.

ಇಂಟೆಲ್‌ನ ಆರ್ಕ್ ಕಾರ್ಡುಗಳು ಬೆಲೆಗೆ ಒಳ್ಳೆಯ ಕೆಲಸ ಕೊಡುತ್ತವೆ ಎಂಬ ಮಾತಿದೆ, ನಿಜವೂ ಹೌದು. ಆದರೆ ಅವು ರಿಸೈಜಬಲ್ ಬಾರ್ ಎಂಬ ಸೌಲಭ್ಯವನ್ನು ಬೇಡುತ್ತವೆ, 10ನೇ ತಲೆಮಾರಿನ ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್‌ಗಳನ್ನೇ ಕಂಪನಿ ಶಿಫಾರಸು ಮಾಡುತ್ತದೆ. ಹಳೇ ಪಿಸಿಯಲ್ಲಿ ಅವುಗಳ ಗೇಮಿಂಗ್ ವೇಗ ಗಣನೀಯವಾಗಿ ಕುಸಿಯುತ್ತದೆ.

ಕೊಳ್ಳುವಾಗ ಹೆಸರಿಗೆ ಮರುಳಾಗಬಾರದು. ಆರ್‌ಟಿಎಕ್ಸ್ 3050 ಎಂಬ ಹೆಸರಿನಲ್ಲೇ 8 ಜಿಬಿಯ, 130 ವಾಟ್‌ನ, ಕೇಬಲ್ ಬೇಡುವ ಬೇರೊಂದು ಕಾರ್ಡಿದೆ. ಜಿಟಿ 1030ಯ ಕಥೆ ಇನ್ನೂ ಕೆಟ್ಟದ್ದು. 2017ರ ಜಿಡಿಡಿಆರ್5 ಮಾದರಿಯ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಮರುವರ್ಷ ಅದೇ ಹೆಸರಲ್ಲಿ ಬಂದ ಡಿಡಿಆರ್4 ಮಾದರಿಯದು 17 ಜಿಬಿಗಿಂತಲೂ ಕಡಿಮೆ. ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಓದಿಯೇ ದುಡ್ಡು ಕೊಡಬೇಕು.

ಸೆಕೆಂಡ್ ಹ್ಯಾಂಡ್ ಕಾರ್ಡುಗಳಲ್ಲಿ ಲಾಭವೂ ಇದೆ, ಮೋಸವೂ ಇದೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೊ ಕರೆನ್ಸಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಕೈಬಿಟ್ಟ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಮಾರುಕಟ್ಟೆಗೆ ಹರಿದುಬಂದವು. ಅವುಗಳ ಫ್ಯಾನ್, ಥರ್ಮಲ್ ಪೇಸ್ಟ್ ಸವೆದಿರುವ ಸಾಧ್ಯತೆ ಹೆಚ್ಚು. ದಶಕದ ಹಿಂದಿನ ಚಿಪ್‌ಗೆ ಬಯೋಸ್ ಬದಲಿಸಿ ‘ಜಿಟಿಎಕ್ಸ್ 1050 ಟಿಐ’ ಎಂದು ಮಾರುವ ನಕಲಿಗಳೂ ಇವೆ. ಜಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶ ಇಂಥವನ್ನು ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಅಸಲಿ 1050 ಟಿಐ ಸಿಕ್ಕರೂ ಒಂದು ವಿಷಯ ನೆನಪಿರಲಿ: ಆ ತಲೆಮಾರಿನ ಎನ್‌ವಿಡಿಯಾ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ನಲ್ಲಿ ನಿಂತಿತು, 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ‘ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್’ನಂಥ ಹೊಸ ಆಟಗಳಂತೂ ರೇ ಟ್ರೇಸಿಂಗ್ ಇಲ್ಲದ ಕಾರ್ಡಿನಲ್ಲಿ ಶುರುವಾಗುವುದೇ ಇಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಳೆಯ ಬಹುತೇಕ ಯಾವ ಪ್ರೊಸೆಸರ್‌ಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. 9020ರಂಥ ಪಿಸಿಗೆ ದುಡ್ಡು ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕಾರ್ಡಿನ ಬೆಲೆ ಪಿಸಿಯ ಬೆಲೆಗಿಂತ ಹೆಚ್ಚಾಗುವುದಾದರೆ, ಮುಂದೆ ಹೊಸ ಪಿಸಿಗೂ ಒಯ್ಯಬಲ್ಲ ಕಾರ್ಡನ್ನೇ ಆರಿಸುವುದು ಜಾಣತನ. ಆರ್‌ಟಿಎಕ್ಸ್ 3050 ಅಂಥದ್ದು.

ಕೊನೆಯದಾಗಿ ಮಾನಿಟರ್. 1366×768ರ ಹಳೇ ಪರದೆಗೆ ಫುಲ್ ಎಚ್‌ಡಿಯ ಅರ್ಧದಷ್ಟು ಚುಕ್ಕಿಗಳೇ ಇರುವುದರಿಂದ ಚಿಕ್ಕ ಕಾರ್ಡೂ ಸಾಕು. ಅದಕ್ಕೆ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಕೊಳ್ಳಬೇಕು, ಈಗಿನ ಕಾರ್ಡುಗಳಲ್ಲಿ ವಿಜಿಎ ಇರುವುದಿಲ್ಲ. ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಹಳೇ ಕಿಂಡಿಯಿಂದ ತೆಗೆದು ಕಾರ್ಡಿಗೇ ಚುಚ್ಚಬೇಕು. ಇದನ್ನು ಮರೆತು ‘ಕಾರ್ಡ್ ಹಾಕಿದರೂ ವ್ಯತ್ಯಾಸವೇ ಇಲ್ಲ’ ಎಂದು ಅಂಗಡಿಗೆ ಮರಳುವವರಿದ್ದಾರೆ. ಜಿಎಸ್‌ಟಿ ಬಿಲ್‌ನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಂಡು, ವಾಪಸಾತಿಯ ಅವಧಿ ಮುಗಿಯುವುದರೊಳಗೆ ಒಂದೆರಡು ಗಂಟೆ ಭಾರಿ ಗೇಮ್ ಓಡಿಸಿ ಬಿಸಿ, ಸದ್ದು, ಪರದೆಯ ಕಲೆಗಳನ್ನು ಗಮನಿಸಿಬಿಡಬೇಕು. ವಾರಂಟಿ ಕೇಳಲು ಹೋದಾಗ ಆ ಬಿಲ್ ಬೇಕಾಗುತ್ತದೆ.