ಚಾರ್ಲಿ ಕಂಡ ಹಿಮಕ್ಕೆ ಪೀಣ್ಯದ ನಾಲ್ವರು!

ನಮ್ಮ ಕನ್ನಡದ ಹುಡುಗ ಹಿಮವನ್ನು ಮೊದಲು ನೋಡೋದು ಎಲ್ಲಿ ಹೇಳಿ? ಹಿಮಾಲಯದಲ್ಲಲ್ಲ ಸ್ವಾಮಿ, ಟಾಕೀಸಿನಲ್ಲಿ! 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಮುತ್ತಿನ ಹಾರ' ಬಂತು. ಸಾಹಸಸಿಂಹ ವಿಷ್ಣುವರ್ಧನ್ ಸೈನಿಕನ ಸಮವಸ್ತ್ರ ತೊಟ್ಟು ಹಿಮಕ್ಕಿಳಿದಾಗ, ನಮ್ಮಪ್ಪಂದಿರು ಗಾಂಧಿಕ್ಲಾಸಿನಲ್ಲಿ ಕೂತೇ ಗಡಗಡ ನಡುಗಿದ್ದರಂತೆ. 1995ರಲ್ಲಿ ಅದೇ ನಿರ್ದೇಶಕ, ಅದೇ ನಾಯಕ ಸೇರಿ 'ಹಿಮಪಾತ' ಕೊಟ್ಟರು. ನಮ್ಮ ತಲೆಮಾರಿನ ಪಾಲಿಗೆ ಬಂದದ್ದು '777 ಚಾರ್ಲಿ'.

2022ರ ಜೂನ್ 10ರಂದು ತೆರೆ ಕಂಡ ಚಿತ್ರ. ಕಾಸರಗೋಡು ಕಡೆಯ ಕಿರಣ್‌ರಾಜ್ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಕಥೆ ನಿಮಗೆ ಗೊತ್ತೇ ಇದೆ. ಫ್ಯಾಕ್ಟರಿಯಲ್ಲಿ ದುಡಿಯೋ ಒಂಟಿ ಮನುಷ್ಯ ಧರ್ಮ. ಅವನ ಬಾಳಿಗೆ ಬಂದ ನಾಯಿ ಚಾರ್ಲಿ. ಚಾರ್ಲಿಗೆ ವಾಸಿಯಾಗದ ಕಾಯಿಲೆ. ಅದಕ್ಕೆ ಹಿಮ ಅಂದರೆ ಪ್ರಾಣ ಅಂತ ಗೊತ್ತಾದ ಮೇಲೆ, ಬೈಕಿಗೆ ಪಕ್ಕದ ತೊಟ್ಟಿಲು ಕಟ್ಟಿಕೊಂಡು ಹೊರಟೇಬಿಡ್ತಾನೆ ಧರ್ಮ!

ಗಮನಿಸಿದಿರಾ? ಅವನು ಶ್ರೀಮಂತರ ಮಗ ಅಲ್ಲ. ಫ್ಯಾಕ್ಟರಿ ಆಳು. ಅದಕ್ಕೇ ನೋಡಿ, ಪೀಣ್ಯದ ಹುಡುಗರ ಎದೆಗೆ ಆ ಚಿತ್ರ ಬಾಣದ ಹಾಗೆ ನಾಟಿದ್ದು. "ಅವನು ಹೋದ ಅಂದ್ಮೇಲೆ ನಾವ್ಯಾಕೆ ಹೋಗಬಾರದು?"

ಯಾರೀ ನಾಲ್ವರು?

ಒಬ್ಬ ಪೀಣ್ಯ ಎರಡನೇ ಹಂತದ ಶೆಡ್ಡೊಂದರಲ್ಲಿ ಲೇಥ್ ಆಪರೇಟರ್. ಕಬ್ಬಿಣ ಇವನ ಕೈಯಲ್ಲಿ ಬೆಣ್ಣೆ. ಬರುವ ವರ್ಷ ಮದುವೆ ನಿಶ್ಚಯವಾಗಿದೆ, ಬ್ರಹ್ಮಚಾರಿಯಾಗಿ ಇದೇ ಕೊನೇ ಬೇಸಿಗೆ! ಎರಡನೆಯವನು ಕ್ಯಾಬ್ ಡ್ರೈವರ್. ಲಗ್ಗೆರೆಯಲ್ಲಿ ರೂಮು, ರಾತ್ರಿಯೆಲ್ಲ ವೈಟ್‌ಫೀಲ್ಡ್ ಕಂಪನಿಗಳ ಹುಡುಗ ಹುಡುಗಿಯರನ್ನ ಮನೆ ಮುಟ್ಟಿಸೋದೇ ಕೆಲಸ. ಮೂರನೆಯವನು ಕಲಬುರಗಿ ಕಡೆಯ ಹುಡುಗ. ವಯಸ್ಸು ಇಪ್ಪತ್ತೆರಡು, ಸಿಎನ್‌ಸಿ ಮಷೀನಿನ ಮುಂದೆ ಗುತ್ತಿಗೆ ಕೆಲಸ. ನಾಲ್ಕನೆಯವನು ನಿಮ್ಮ ಈ ಬಡ ಲೇಖಕ. ನನಗೆ ರಜೆ ಕೇಳಲು ಯಜಮಾನನೇ ಇಲ್ಲ. ಸಂಬಳವೂ ಇಲ್ಲ ಅನ್ನೋದು ಬೇರೆ ಮಾತು!

ತಲೆಗೆ ತಿಂಗಳಿಗೆ 2,500 ರೂಪಾಯಿಯಂತೆ ಹತ್ತು ತಿಂಗಳ ಚೀಟಿ ಹಾಕಿದೆವು. ಒಟ್ಟು ಒಂದು ಲಕ್ಷ. ಬೈಕು ಎರಡು, ಆಳು ನಾಲ್ಕು. ಯುಗಾದಿ ಹೋಳಿಗೆ ತಿಂದು ಏಪ್ರಿಲ್‌ನಲ್ಲಿ ಹೊರಡೋದು. ಆದರೆ ಎಲ್ಲಿಗೆ? "ಲೇಹ್‌ಗೇ!" ಅಂದ ಕ್ಯಾಬಿನವನು, ಟೇಬಲ್ ಗುದ್ದಿ. ಹೋಗಿ ಬರಲು 22 ದಿನ ಅಂತ ಅವನ ಲೆಕ್ಕ.

ಮನೆ ಮುಂದಿನ ರಸ್ತೆಯೇ ಕಾಶ್ಮೀರಕ್ಕೆ!

ಇಲ್ಲೊಂದು ಸ್ವಾರಸ್ಯ ಕೇಳಿ. ಎಲೆಕ್ಟ್ರಾನಿಕ್ ಸಿಟಿ ಮುಂದೆ ದಿನಾ ಹೊಗೆ ಕುಡಿಯುತ್ತಾ ನಿಲ್ತೀವಲ್ಲ, ಆ ಹೊಸೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 44. ಅದರ ಒಂದು ತುದಿ ಕನ್ಯಾಕುಮಾರಿ, ಇನ್ನೊಂದು ತುದಿ ಶ್ರೀನಗರ! ಪೀಣ್ಯದ ತುಮಕೂರು ರಸ್ತೆಯೇನು ಕಡಿಮೆಯೇ? ಅದು ಹೆದ್ದಾರಿ 48. ಹುಬ್ಬಳ್ಳಿ, ಬೆಳಗಾವಿ, ಪುಣೆ, ಮುಂಬೈ, ಜೈಪುರ ಹಾದು ದಿಲ್ಲಿ ಮುಟ್ಟುತ್ತೆ. ಅಂದರೆ ಹಿಮದ ದಾರಿ ನಮ್ಮ ಗೇಟಿನ ಮುಂದೆಯೇ ಹಾದುಹೋಗಿದೆ. ದಾರಿ ಇದೆ, ನಿಜ. ಬಾಗಿಲು ತೆರೆದಿರಬೇಕಲ್ಲ?

ವಸಂತದಲ್ಲಿ ಹಿಮ ನೋಡೋ ಆಸೆಯ ತೊಡಕೇ ಇದು. ಹಿಮ ಇರೋ ಹೊತ್ತಲ್ಲಿ ರಸ್ತೆ ಇರಲ್ಲ, ರಸ್ತೆ ಇರೋ ಹೊತ್ತಿಗೆ ಹಿಮ ಕರಗಿರುತ್ತೆ! ಎರಡೂ ಇರೋ ಕಿಂಡಿ ಹುಡುಕಬೇಕು. ಲೇಹ್‌ಗೆ ಎರಡು ಹಳೇ ದಾರಿ. ಒಂದು ಮನಾಲಿ ಕಡೆಯಿಂದ. 2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿಯ ಕಾಟ ತಪ್ಪಿತು. 9 ಕಿಲೋಮೀಟರ್ ಉದ್ದದ ಸುರಂಗ. ಆದರೆ ಅದರಾಚೆ 16,000 ಅಡಿಯ ಬಾರಾಲಾಚಾ ಲಾ, 17,000 ಅಡಿ ಮೀರಿದ ತಂಗ್ಲಂಗ್ ಲಾ ಕಾದು ಕೂತಿವೆ. 'ಲಾ' ಅಂದರೆ ಆ ಕಡೆಯ ಮಾತಲ್ಲಿ ಘಾಟಿ. ಅಲ್ಲಿ ನಮ್ಮಂಥವರ ಬೈಕಿಗೆ ದಾರಿ ಸಲೀಸಾಗೋದು ಮೇ, ಜೂನ್ ಹೊತ್ತಿಗೆ. ಏಪ್ರಿಲ್‌ಗೆ ಅದನ್ನ ನಂಬಿ ಚೀಟಿ ಎತ್ತೋ ಹಾಗಿಲ್ಲ.

ಇನ್ನೊಂದು ಶ್ರೀನಗರದ ಕಡೆಯಿಂದ, 11,500 ಅಡಿಯ ಜೋಜಿ ಲಾ ದಾಟಿ. ಗಡಿ ರಸ್ತೆ ಸಂಸ್ಥೆಯವರು 2025ರಲ್ಲಿ ಬರೀ 32 ದಿನ ಮುಚ್ಚಿದ್ದು, ಏಪ್ರಿಲ್ 1ಕ್ಕೆ ತೆರೆದೇಬಿಟ್ಟರು. ಇದು ಆಗಬಹುದು ಅಂದುಕೊಂಡೆವು. ಆಗ ಅಡ್ಡ ಬಂದವರು ಲೇಥ್ ಗೆಳೆಯನ ತಾಯಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ 26 ಜನ ಬಲಿಯಾದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. "ಆ ಹೆಂಗಸರು ಅತ್ತಿದ್ದನ್ನ ನಾನು ಟೀವಿಲಿ ನೋಡಿದೀನಿ ಮಗಾ. ಬೇರೆ ಎಲ್ಲಿಗಾದ್ರೂ ಹೋಗು," ಅಂದರು ಆ ತಾಯಿ. ಅದಕ್ಕೆ ಯಾವ ನಕ್ಷೆ ತೋರಿಸಿ ವಾದ ಮಾಡ್ತೀರಿ? ನಾವು ಮಾಡಲಿಲ್ಲ.

ಹದಿನಾರನೇ ದಿನದ ಪ್ರಶ್ನೆ

ಅಷ್ಟರಲ್ಲಿ ಕಲಬುರಗಿ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಅಣ್ಣಾ, ನೀವ್ ಹೋಗಿ ಬರ್ರಿ. ನಾ ಬರಂಗಿಲ್ರೀ. ಹದಿನೈದು ದಿನ ಅಂದ್ರ ಹೆಂಗರ ಮಾಡಿ ಒಪ್ಪಸ್ತೀನ್ರಿ. ಹದಿನಾರನೇ ದಿನ ನನ್ನ ಮಷೀನ್ ಮುಂದ ಬ್ಯಾರೆ ಹುಡುಗ ನಿಂತಿರ್ತಾನ್ರೀ."

ಇಪ್ಪತ್ತು ದಿನ ದುಡಿದರೆ ಒಂದು ದಿನ ಸಂಬಳದ ರಜೆ ಅನ್ನೋದು ಕಾನೂನಿನ ಲೆಕ್ಕ. ಆದರೆ ಪೀಣ್ಯದ ಬೀದಿಯಲ್ಲಿ ಗುತ್ತಿಗೆ ಹುಡುಗರನ್ನ ಕೇಳಿ ನೋಡಿ, ಕಾಗದದ ರಜೆ ಬೇರೆ, ಕೈಗೆ ಸಿಗೋ ರಜೆ ಬೇರೆ. ಊರಲ್ಲಿ ಅವನ ಮನಿಯಾರ್ಡರನ್ನೇ ನಂಬಿದ ಮನೆ ಇದೆ. ಈಗ ಅದು ಫೋನಿನಲ್ಲಿ ಹೋಗುತ್ತೆ ಅಷ್ಟೇ, ನಂಬಿಕೆ ಹಳೇದೇ.

ಅವನನ್ನ ಬಿಟ್ಟು ಹೋಗೋದಾ? ಹತ್ತು ತಿಂಗಳು ಒಂದು ಕಂತೂ ತಪ್ಪಿಸದೆ ಚೀಟಿ ಕಟ್ಟಿದವನು ಅವನೊಬ್ಬನೇ! ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಟೇಬಲ್ ಗುದ್ದಿದ ಆ ಕ್ಯಾಬಿನವನೇ ಲೆಕ್ಕದ ಹಾಳೆ ಹರಿದು, ಹೊಸ ಹಾಳೆಯ ತಲೆಗೆ '15' ಅಂತ ಬರೆದ. ಆ ಅಂಕಿಯೇ ನಮ್ಮ ಪ್ರವಾಸದ ಯಜಮಾನ.

ಸಿಕ್ಕಿತು ಮೂರನೇ ದಾರಿ!

ಹದಿನೈದು ದಿನದಲ್ಲಿ ಬೆಂಗಳೂರಿಂದ ಬೈಕ್ ಓಡಿಸೋದು ಕನಸೇ ಸರಿ. ಹೋಗೋಕೆ ಐದು ದಿನ, ಬರೋಕೆ ಐದು ದಿನ ಬಯಲು ನಾಡೇ ನುಂಗುತ್ತೆ. ಹಾಗಾಗಿ ಬೈಕೂ ನಾವೂ ರೈಲು ಹತ್ತೋದು! ಪೀಣ್ಯಕ್ಕೆ ಕೂಗಳತೆಯ ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಇದೆ. ಸುಮಾರು ಎರಡು ದಿನದ ಪ್ರಯಾಣ. ಟಿಕೆಟ್ 60 ದಿನ ಮುಂಚೆ ತೆರೆಯುತ್ತೆ. ಬೈಕನ್ನ 'ಪಾರ್ಸೆಲ್' ಅಂತ ಹಾಕಿದರೆ ಯಾವ ಗಾಡಿಯಲ್ಲಾದರೂ ಬರಬಹುದು. ನಿಮ್ಮ ಟಿಕೆಟ್ ತೋರಿಸಿ 'ಲಗೇಜ್' ಅಂತ ಬುಕ್ ಮಾಡಿದರೆ, ಜಾಗ ಇದ್ದಲ್ಲಿ, ನಿಮ್ಮ ಗಾಡಿಯಲ್ಲೇ ಬರುತ್ತೆ. ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಆರ್‌ಸಿ ನಕಲು ಇಟ್ಟುಕೊಂಡು, ಗೋಣಿ ಸುತ್ತಿಸಿ.

ಅಲ್ಲಿಂದ? ಸ್ಪಿತಿ! ಹಿಮಾಚಲದ ಮೂಲೆಯಲ್ಲಿ ಟಿಬೆಟ್ಟಿಗೆ ಅಂಟಿಕೊಂಡ ಕಣಿವೆ. ಮನಾಲಿ ಕಡೆಯ ಕುಂಜುಂ ಘಾಟಿ ಏಪ್ರಿಲ್‌ನಲ್ಲಿ ಹಿಮದಡಿ ಮಲಗಿರುತ್ತೆ. ಆದರೆ ಶಿಮ್ಲಾ, ಕಿನ್ನೌರ್ ಕಡೆಯ ದಾರಿ ಹಿಮಪಾತ, ಭೂಕುಸಿತದ ದಿನಗಳನ್ನ ಬಿಟ್ಟರೆ ವರ್ಷದ ಬಹುಪಾಲು ತೆರೆದೇ ಇರುತ್ತೆ. ಹೋದ ದಾರಿಯಲ್ಲೇ ವಾಪಸು. ಶಿಮ್ಲಾದಿಂದ ಕಾಜಾಕ್ಕೆ ನಾನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ತಾಯಿಯವರೂ ಹೂಂ ಅಂದರು.

ತಲೆನೋವು ಬಂದವನೇ ಹೀರೋ

ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಬಂದವನು ನಾನು. ಗಾಳಿಯ ಒತ್ತಡದ ಪಾಠ ಕ್ಲಾಸಿನಲ್ಲಿ ಹತ್ತಲಿಲ್ಲ, ಈ ನಕ್ಷೆಯ ಮುಂದೆ ಚೆನ್ನಾಗಿ ಹತ್ತಿತು! ಬೆಂಗಳೂರು 3,000 ಅಡಿ ಎತ್ತರ. ನಮ್ಮ ನಾಡಿಗೇ ಎತ್ತರದ ಮುಳ್ಳಯ್ಯನಗಿರಿ 6,300 ಅಡಿ. ಕಾಜಾ ಊರು 12,000 ಅಡಿ! ಅಂದರೆ ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟ ಹಾಗೆ. ಅಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರದ ಮಟ್ಟಕ್ಕಿಂತ ಮೂರನೇ ಒಂದು ಪಾಲು ಕಮ್ಮಿ.

ಎಂಟು ಸಾವಿರ ಅಡಿ ದಾಟಿದ ಮೇಲೆ ದೇಹ ತಕರಾರು ತೆಗೆಯುತ್ತೆ. ತಲೆನೋವು, ವಾಕರಿಕೆ, ನಿದ್ದೆ ಇಲ್ಲ, ಊಟ ಸೇರಲ್ಲ. ಜಿಮ್ ಮಾಡಿದವನು, ಎದೆಯುಬ್ಬಿಸಿ ನಡೆಯೋನು ಅಂತ ಅದು ರಿಯಾಯಿತಿ ಕೊಡಲ್ಲ. ಅಲಕ್ಷ್ಯ ಮಾಡಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು, ಜೀವವೇ ಹೋಗಬಹುದು. ಮದ್ದು ಒಂದೇ: ತಕ್ಷಣ ಕೆಳಗಿಳಿಯೋದು, ಆಸ್ಪತ್ರೆ ಸೇರೋದು. ಮಾತ್ರೆಗಳಿವೆ, ಆದರೆ ಇಲ್ಲೇ ವೈದ್ಯರನ್ನ ಕೇಳಿ ತಗೊಳ್ಳಿ. ಗುಂಡು ಹಾಕೋ ಗೆಳೆಯರೇ, ಮೇಲೆ ಅದಕ್ಕೆ ಸಂಪೂರ್ಣ ರಜೆ!

ಕಿನ್ನೌರ್ ದಾರಿಯ ದೊಡ್ಡತನ ಇದೇ, ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ನಮ್ಮ ಲೆಕ್ಕ ನೋಡಿ. ಮೂರನೇ ದಿನ ಚಂಡೀಗಢ. ನಾಲ್ಕನೇ ರಾತ್ರಿ ನಾರ್ಕಂಡಾ. ಐದು, ಆರು ಎರಡೂ ರಾತ್ರಿ 9,700 ಅಡಿಯ ಕಲ್ಪಾ, ಅಲ್ಲಿ ಒಂದು ದಿನ ಸುಮ್ಮನೆ ಕೂತು ಕಿನ್ನರ ಕೈಲಾಸ ನೋಡೋದೇ ಕೆಲಸ. ಏಳನೇ ದಿನ 12,000 ಅಡಿಯ ನಾಕೋ ಹಾದು, ಅಲ್ಲಿ ಮಲಗದೆ, ತಗ್ಗಿನ ತಾಬೋ ಊರಿಗಿಳಿದು ಮಲಗೋದು. ಅಲ್ಲಿನ ಬೌದ್ಧ ಮಠ ಕ್ರಿ.ಶ. 996ರದು! ಎಂಟಕ್ಕೆ ಕಾಜಾ. ಒಂಬತ್ತನೇ ದಿನ, ದಾರಿ ತೆರೆದಿದ್ದರೆ, 14,000 ಅಡಿ ಮೇಲಿನ ಹಿಕ್ಕಿಂ ಹಳ್ಳಿ. ಅಲ್ಲಿ 1983ರಿಂದ ಒಂದು ಪುಟ್ಟ ಅಂಚೆ ಕಚೇರಿ ಇದೆ. ಸುತ್ತ ಹಿಮ. ಅಲ್ಲಿಂದ ಕಲಬುರಗಿಗೊಂದು ಕಾರ್ಡು ಹಾಕೋದು! ಹತ್ತರಿಂದ ಇಳಿಕೆ, ಹದಿನೈದಕ್ಕೆ ಯಶವಂತಪುರ.

ಕಟ್ಟಳೆ ಒಂದೇ. ನಾಲ್ವರಲ್ಲಿ ಯಾರಿಗೆ ತಲೆನೋವು ಬಂತೋ ಅವನೇ ಆ ದಿನದ ನಾಯಕ. ಅವನು ನಿಲ್ಲು ಅಂದರೆ ಎಲ್ಲರೂ ನಿಲ್ಲಬೇಕು, ಇಳಿ ಅಂದರೆ ಎಲ್ಲರೂ ಇಳಿಯಬೇಕು. ಹಿಮ ಕಾಣದೆ ವಾಪಸಾದರೂ ಸರಿ.

ಪೀಣ್ಯದ ಕೈಚಳಕ

ಸಾಮಾನಿನ ವಿಷಯಕ್ಕೆ ಬರೋಣ. ಲಗೇಜ್ ಕ್ಯಾರಿಯರ್ ಅಂಗಡಿಯಲ್ಲಿ ಕೊಳ್ಳಲಿಲ್ಲ. ಶೆಡ್ಡಿನ ಮಾಲೀಕರ ಅಪ್ಪಣೆ ಪಡೆದು ಲೇಥ್ ಗೆಳೆಯ ಗುಜರಿ ಪೈಪಿನಲ್ಲಿ ತಾನೇ ವೆಲ್ಡ್ ಮಾಡಿದ. ಕಾರ್ಬುರೇಟರ್ ಬೈಕು ಎತ್ತರದಲ್ಲಿ ಗಾಳಿ ಸಾಲದೆ ಏದುಸಿರು ಬಿಡುತ್ತೆ, ಅದಕ್ಕೆ ಭಾರ ಕಮ್ಮಿ ಹೇರಿ. ಕ್ಲಚ್ ಕೇಬಲ್, ಟ್ಯೂಬು, ಪಂಕ್ಚರ್ ಸಾಮಾನು ಕೈಲಿರಲಿ. ರಿಕಾಂಗ್ ಪಿಯೋ ಬಳಿ ಟ್ಯಾಂಕ್ ಭರ್ತಿ ಮಾಡಿ, ಕಾಜಾ ಬಂಕ್ ಸುಮಾರು 200 ಕಿಲೋಮೀಟರ್ ದೂರ. ಬೆಳಗ್ಗೆ ನೆರಳಿನ ತಿರುವುಗಳಲ್ಲಿ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತೆ. ಮಧ್ಯಾಹ್ನದ ಮೇಲೆ ಹಿಮ ಕರಗಿ ಹಳ್ಳ ಉಕ್ಕುತ್ತೆ. ಓಡಿಸಬೇಕಾದ್ದು ಇವೆರಡರ ನಡುವೆ.

ಕೈಗವಸಿನ ಮೇಲೆ ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕಿ, ನಗಬೇಡಿ, ಬೆರಳು ಒದ್ದೆಯಾಗಲ್ಲ. ಎದೆಗೆ ತಾಕೋ ಗಾಳಿಗೆ ಜಾಕೆಟ್ಟಿನೊಳಗೆ ಪೇಪರ್ ಇಟ್ಟುಕೊಳ್ಳೋದು ಹಳೇ ಸವಾರರ ಉಪಾಯ. ಈ ಪತ್ರಿಕೆಯ ಹಳೇ ಸಂಚಿಕೆ ಬಳಸಿದರೂ ಸಂಪಾದಕರು ಬೇಜಾರು ಮಾಡ್ಕೊಳ್ಳಲ್ಲ. ನಿಮ್ಮ ಮೆಚ್ಚಿನ ನಾಯಕಿಯ ನಡುಪುಟ ಎದೆ ಕಡೆ ಇರಲಿ, ಬೆಚ್ಚಗಿರುತ್ತೆ!

ಈ ಸಾಲು ಬರೆಯೋ ಹೊತ್ತಿಗೆ ಗುತ್ತಿಗೆದಾರ ಹದಿನೈದು ದಿನಕ್ಕೆ ಬಾಯಿಮಾತಲ್ಲಿ ಒಪ್ಪಿದ್ದಾನೆ. ಬರಹದಲ್ಲಿ ಇನ್ನೂ ಕೊಟ್ಟಿಲ್ಲ. ಕೊಡದಿದ್ದರೆ ಪ್ರವಾಸ ಮುಂದಕ್ಕೆ, ಟಿಕೆಟ್ ರದ್ದು. ಇದು ನಾಲ್ವರ ಒಮ್ಮತ.

'ಚಾರ್ಲಿ'ಯನ್ನ ಇನ್ನೊಮ್ಮೆ ನೋಡಿ ಗೆಳೆಯರೇ. ಹ್ಯಾಂಡಲ್ ಧರ್ಮನ ಕೈಯಲ್ಲಿದೆ, ನಿಜ. ಆದರೆ ಆ ಪ್ರಯಾಣ ನಡೆಯೋದು ಕಾಯಿಲೆಯ ನಾಯಿಯ ಸಲುವಾಗಿ, ಅದರ ಉಸಿರಿನ ಲೆಕ್ಕದಲ್ಲಿ. ನಿಮ್ಮ ಗುಂಪೂ ಬರುವ ವಸಂತಕ್ಕೆ ಹಿಮದ ಕನಸು ಕಾಣ್ತಾ ಇದ್ದರೆ, ನಕ್ಷೆ ಬಿಚ್ಚೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಅತಿ ಕಮ್ಮಿ ರಜೆ, ಅತಿ ಕಮ್ಮಿ ದುಡ್ಡು ಇರೋನು ಯಾರು ಅಂತ ನೋಡಿ, ಮೊದಲು ಅವನನ್ನ ಕೇಳಿ: "ಎಷ್ಟು ದಿನ ಆಗುತ್ತೆ ಗುರು?"