‘ಒಂದು ಇಂಜೆಕ್ಷನ್ ಕೊಟ್ಟರೆ ಅತ್ಯಾಚಾರ ನಿಲ್ಲುತ್ತೆ’: ಈ ಫಾರ್ವರ್ಡ್ ಎಷ್ಟು ನಿಜ?

‘ಅತ್ಯಾಚಾರಿಗೆ ಒಂದೇ ಒಂದು ಇಂಜೆಕ್ಷನ್ ಸಾಕು, ಜನ್ಮದಲ್ಲಿ ಇನ್ನೊಮ್ಮೆ ಆ ತಪ್ಪು ಮಾಡಲ್ಲ. ವಿದೇಶದಲ್ಲಿ ಕೊಡ್ತಾರೆ, ನಮ್ಮಲ್ಲಿ ಯಾಕಿಲ್ಲ?’ ಘೋರ ಪ್ರಕರಣವೊಂದು ಸುದ್ದಿಯಾದಾಗಲೆಲ್ಲ ಇಂಥ ಸಂದೇಶ ಫ್ಯಾಮಿಲಿ ಗ್ರೂಪಿಗೂ ಬರುತ್ತದೆ. ಸಿಟ್ಟು ನ್ಯಾಯವಾದದ್ದೇ. ಆದರೆ ಸಂದೇಶ ಅರ್ಧ ಸತ್ಯ ಮಾತ್ರ.

ಅಂಥ ಇಂಜೆಕ್ಷನ್ ಇದೆಯೇ?

ಇದೆ. ಇದನ್ನು ಕೆಮಿಕಲ್ ಕ್ಯಾಸ್ಟ್ರೇಷನ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾ 1996ರಲ್ಲಿ, ಇಂಡೋನೇಷ್ಯಾ 2016ರಲ್ಲಿ ಇದಕ್ಕಾಗಿ ಕಾನೂನು ತಂದವು. ದಕ್ಷಿಣ ಕೊರಿಯಾದಲ್ಲಿ ಇದು 2011ರಿಂದ ಜಾರಿಯಲ್ಲಿದೆ. ಲ್ಯುಪ್ರೊಲೈಡ್‌ನಂಥ ಔಷಧಿಗಳು ಟೆಸ್ಟೋಸ್ಟಿರಾನ್ ಹಾರ್ಮೋನನ್ನು ತಗ್ಗಿಸಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಇದೇ ಔಷಧಿ ಕೊಡುತ್ತಾರೆ.

ಆದರೆ ಒಂದೇ ಇಂಜೆಕ್ಷನ್ ಸಾಲದು. ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಕೊಡುತ್ತಲೇ ಇರಬೇಕು. ನಿಲ್ಲಿಸಿದರೆ ಸಾಮಾನ್ಯವಾಗಿ ಹಾರ್ಮೋನ್ ಮತ್ತೆ ಏರುತ್ತದೆ. ಮೂಳೆ ಸವೆತ, ತೂಕ ಹೆಚ್ಚಳದಂಥ ಅಡ್ಡಪರಿಣಾಮಗಳೂ ಇವೆ.

ಯಾರಿಗೆ ಉಪಯೋಗ?

ಹತೋಟಿಗೆ ಸಿಗದ ಲೈಂಗಿಕ ಒತ್ತಡ ಇರುವ ಕೆಲವರಿಗೆ, ಉದಾಹರಣೆಗೆ ಮಕ್ಕಳ ಮೇಲೆ ಆಕರ್ಷಣೆ ಇರುವ ಪೀಡೋಫಿಲಿಯಾದ ಕೆಲವು ಪ್ರಕರಣಗಳಲ್ಲಿ, ಮನೋವೈದ್ಯರು ಕೌನ್ಸೆಲಿಂಗ್ ಜೊತೆಗೆ ಇದನ್ನು ಬಳಸುತ್ತಾರೆ. ಆದರೆ ಅನೇಕ ಅತ್ಯಾಚಾರಗಳ ಹಿಂದೆ ಇರುವುದು ದರ್ಪ, ದ್ವೇಷ, ‘ನನ್ನನ್ನು ಯಾರು ಏನು ಮಾಡ್ತಾರೆ’ ಎಂಬ ಧೈರ್ಯ. ಹಾರ್ಮೋನ್ ಇಳಿದ ಮಾತ್ರಕ್ಕೆ ಇವು ಇಳಿಯುವುದಿಲ್ಲ. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರೆಲ್ಲರಿಗೂ ಪೀಡೋಫಿಲಿಯಾ ಇರುವುದಿಲ್ಲ.

ಹಾಗಾದರೆ ಕೌನ್ಸೆಲಿಂಗ್ ಸಾಕೇ?

ಅದೂ ಮಂತ್ರದಂಡವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ಲೈಂಗಿಕ ಅಪರಾಧಿಗಳಿಗೆ ವರ್ಷಗಟ್ಟಲೆ ಗುಂಪು ಚಿಕಿತ್ಸೆ ನಡೆಯಿತು. 2017ರಲ್ಲಿ ಸರ್ಕಾರವೇ ಪ್ರಕಟಿಸಿದ ಅಧ್ಯಯನ ಆಘಾತ ಕೊಟ್ಟಿತು: ಚಿಕಿತ್ಸೆ ಪಡೆದವರಲ್ಲಿ ಶೇ 10 ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು, ಪಡೆಯದವರಲ್ಲಿ ಶೇ 8. ಆ ಕಾರ್ಯಕ್ರಮ ನಿಲ್ಲಿಸಿ ಬೇರೆಯದನ್ನು ತಂದರು. ಎಲ್ಲರಿಗೂ ಒಂದೇ ಮದ್ದು ಎಂಬುದು ನಡೆಯುವುದಿಲ್ಲ. ಯಾರು ಎಷ್ಟು ಅಪಾಯಕಾರಿ ಎಂದು ಅಳೆದು ಅದಕ್ಕೆ ತಕ್ಕ ಚಿಕಿತ್ಸೆ ಕೊಡಬೇಕು, ಬಿಡುಗಡೆಯ ನಂತರವೂ ನಿಗಾ ಇಡಬೇಕು ಎಂಬುದು ತಜ್ಞರ ದಾರಿ. ಚಿಕಿತ್ಸೆ ಶಿಕ್ಷೆಗೆ ಬದಲಿಯೂ ಅಲ್ಲ.

ನಮ್ಮಲ್ಲಿ ಯಾಕಿಲ್ಲ?

ದೆಹಲಿ ಪ್ರಕರಣದ ನಂತರ ರಚನೆಯಾದ ನ್ಯಾಯಮೂರ್ತಿ ವರ್ಮಾ ಸಮಿತಿ 2013ರಲ್ಲಿ ಈ ಸಲಹೆಯನ್ನು ತಿರಸ್ಕರಿಸಿತು. ಇದು ಮಾನವ ಹಕ್ಕಿಗೆ ವಿರುದ್ಧ, ಅತ್ಯಾಚಾರದ ಸಾಮಾಜಿಕ ಬೇರನ್ನೂ ಮುಟ್ಟುವುದಿಲ್ಲ ಎಂದಿತು.

ಫಾರ್ವರ್ಡ್ ಮಾಡುವ ಮುನ್ನ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳ ಪ್ರಕಾರ, ಅತ್ಯಾಚಾರ ಪ್ರಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತರಿಗೆ ಪರಿಚಿತರೇ. ‘ಮನೆ ಮರ್ಯಾದೆ’ ಎಂದು ಮುಚ್ಚಿಟ್ಟರೆ ಅಪರಾಧಿ ಶಿಕ್ಷೆಗೂ ಸಿಗುವುದಿಲ್ಲ, ಚಿಕಿತ್ಸೆಗೂ ಸಿಗುವುದಿಲ್ಲ. ಮಕ್ಕಳ ಮೇಲಿನ ದೌರ್ಜನ್ಯ ತಿಳಿದರೆ ದೂರು ಕೊಡುವುದು ಪೋಕ್ಸೊ ಕಾಯ್ದೆಯಡಿ ಕಡ್ಡಾಯ. ಮಕ್ಕಳ ಸಹಾಯವಾಣಿ 1098. ತಪ್ಪು ಮಾಡುವ ಮೊದಲೇ ತನ್ನ ಯೋಚನೆಗಳಿಗೆ ಹೆದರಿದವರು ಮನೋವೈದ್ಯರನ್ನು ಕಾಣಬಹುದು, ಟೆಲಿ ಮನಸ್ 14416ಕ್ಕೂ ಕರೆ ಮಾಡಬಹುದು. ಶೇರ್ ಮಾಡುವುದಿದ್ದರೆ ಈ ನಂಬರ್‌ಗಳನ್ನು ಮಾಡಿ.