ಎಸ್‌ಡಿಪಿ–ಲಿಬರಲ್ ಮೈತ್ರಿಕೂಟ

ಎಸ್‌ಡಿಪಿ–ಲಿಬರಲ್ ಮೈತ್ರಿಕೂಟವು 1981ರಿಂದ 1988ರವರೆಗೆ ಬ್ರಿಟನ್ನಿನಲ್ಲಿ ಅಸ್ತಿತ್ವದಲ್ಲಿದ್ದ ಮಧ್ಯಮಪಂಥೀಯ, ಉದಾರವಾದಿ ರಾಜಕೀಯ ಮೈತ್ರಿಕೂಟವಾಗಿದೆ. ಹಳೆಯದಾದ ಲಿಬರಲ್ ಪಕ್ಷ ಹಾಗೂ ಹೊಸದಾಗಿ ಸ್ಥಾಪನೆಗೊಂಡ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ (ಎಸ್‌ಡಿಪಿ) ಇದರ ಅಂಗಪಕ್ಷಗಳು. 1983ರ ಸಾರ್ವತ್ರಿಕ ಚುನಾವಣೆಯಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮತಗಳನ್ನು ಪಡೆದರೂ ಮೈತ್ರಿಕೂಟಕ್ಕೆ ದೊರೆತದ್ದು 650ರಲ್ಲಿ 23 ಸ್ಥಾನಗಳು ಮಾತ್ರ. ಮತಪ್ರಮಾಣಕ್ಕೂ ಸ್ಥಾನಗಳಿಗೂ ಇರುವ ಅಂತರವನ್ನು ವಿವರಿಸುವಾಗ ಈ ಫಲಿತಾಂಶವನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಡಳಿತ ನಡೆಸುತ್ತಿದ್ದ ಲಿಬರಲ್ ಪಕ್ಷವು ಎರಡನೆಯ ಮಹಾಯುದ್ಧದ ನಂತರ ತೀರ ಸಣ್ಣ ಪಕ್ಷವಾಗಿ ಉಳಿದಿತ್ತು. 1979ರ ಚುನಾವಣೆಯಲ್ಲಿ ಅದು ಗೆದ್ದದ್ದು 11 ಸ್ಥಾನಗಳನ್ನು. ಆ ಚುನಾವಣೆಯಲ್ಲಿ ಮಾರ್ಗರೆಟ್ ಥ್ಯಾಚರ್ ನೇತೃತ್ವದ ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದಿತು. ಸೋತ ಲೇಬರ್ ಪಕ್ಷದಲ್ಲಿ ಎಡಪಂಥೀಯರ ಪ್ರಭಾವ ಹೆಚ್ಚಿತು. ಏಕಪಕ್ಷೀಯ ಅಣ್ವಸ್ತ್ರ ತ್ಯಾಗ, ಯುರೋಪಿಯನ್ ಸಮುದಾಯದಿಂದ ಹೊರಬರುವುದು ಮುಂತಾದ ನಿಲುವುಗಳು ಪಕ್ಷದ ಬಲಪಾರ್ಶ್ವದ ನಾಯಕರಿಗೆ ಒಪ್ಪಿಗೆಯಾಗಲಿಲ್ಲ.

ಮಾಜಿ ಸಚಿವರಾದ ರಾಯ್ ಜೆಂಕಿನ್ಸ್, ಡೇವಿಡ್ ಓವೆನ್, ಶರ್ಲಿ ವಿಲಿಯಮ್ಸ್ ಮತ್ತು ಬಿಲ್ ರಾಜರ್ಸ್ 1981ರ ಜನವರಿ 25ರಂದು ಲೈಮ್‌ಹೌಸ್ ಘೋಷಣೆಯನ್ನು ಹೊರಡಿಸಿದರು. ಮಾರ್ಚ್ 26ರಂದು ಎಸ್‌ಡಿಪಿ ಉದಯಿಸಿತು. ಲೇಬರ್ ಪಕ್ಷದ 28 ಹಾಗೂ ಕನ್ಸರ್ವೇಟಿವ್ ಪಕ್ಷದ ಒಬ್ಬ ಸಂಸದರು ಕ್ರಮೇಣ ಅದನ್ನು ಸೇರಿದರು. ಎರಡು ಪಕ್ಷಗಳು ಒಂದೇ ಮತದಾರ ವರ್ಗಕ್ಕಾಗಿ ಸ್ಪರ್ಧಿಸಿದರೆ ಇಬ್ಬರಿಗೂ ನಷ್ಟವೆಂಬುದನ್ನು ಅರಿತ ಲಿಬರಲ್ ನಾಯಕ ಡೇವಿಡ್ ಸ್ಟೀಲ್ ಮೈತ್ರಿಯನ್ನು ಬೆಂಬಲಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲ್ಯಾಂಡಡ್ನೋದಲ್ಲಿ ಸೇರಿದ ಲಿಬರಲ್ ಅಧಿವೇಶನವು ಮೈತ್ರಿಗೆ ಒಪ್ಪಿಗೆ ನೀಡಿತು.

ಉಪಚುನಾವಣೆಗಳ ಯಶಸ್ಸು

1981ರ ಜುಲೈನಲ್ಲಿ ಲೇಬರ್ ಪಕ್ಷದ ಭದ್ರಕೋಟೆಯಾಗಿದ್ದ ವಾರಿಂಗ್ಟನ್‌ನಲ್ಲಿ ಜೆಂಕಿನ್ಸ್ ಅಲ್ಪ ಅಂತರದಿಂದ ಸೋತರು. ಅಕ್ಟೋಬರ್‌ನಲ್ಲಿ ಕ್ರಾಯ್ಡನ್ ವಾಯವ್ಯ ಕ್ಷೇತ್ರವನ್ನು ಲಿಬರಲ್ ಅಭ್ಯರ್ಥಿ ಬಿಲ್ ಪಿಟ್ ಗೆದ್ದರು. ನವೆಂಬರ್‌ನಲ್ಲಿ ಕ್ರಾಸ್ಬಿಯಲ್ಲಿ ಶರ್ಲಿ ವಿಲಿಯಮ್ಸ್ ಜಯಗಳಿಸಿದರು. ಅಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹಿಂದೆ 19 ಸಾವಿರಕ್ಕೂ ಹೆಚ್ಚು ಮತಗಳ ಮುನ್ನಡೆಯಿತ್ತು. ಡಿಸೆಂಬರ್‌ನ ಗ್ಯಾಲಪ್ ಸಮೀಕ್ಷೆಯೊಂದರಲ್ಲಿ ಮೈತ್ರಿಕೂಟದ ಬೆಂಬಲ ಶೇ. 50ನ್ನು ಮುಟ್ಟಿತು. 1982ರ ಮಾರ್ಚ್‌ನಲ್ಲಿ ಗ್ಲಾಸ್ಗೋ ಹಿಲ್‌ಹೆಡ್‌ನಿಂದ ಜೆಂಕಿನ್ಸ್ ಸಂಸತ್ತನ್ನು ಪ್ರವೇಶಿಸಿದರು.

ಆ ವೇಳೆಗೆ ಮೈತ್ರಿಕೂಟದ ಜನಪ್ರಿಯತೆ ಇಳಿಮುಖವಾಗತೊಡಗಿತ್ತು. 1982ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದ ಗೆಲುವು ಥ್ಯಾಚರ್ ಸರ್ಕಾರದ ವರ್ಚಸ್ಸನ್ನು ಹೆಚ್ಚಿಸಿತು. ಕ್ಷೇತ್ರ ಹಂಚಿಕೆಯ ಮಾತುಕತೆಗಳಲ್ಲಿ ಎರಡೂ ಪಕ್ಷಗಳ ಸ್ಥಳೀಯ ಕಾರ್ಯಕರ್ತರ ನಡುವೆ ಕಹಿಯುಂಟಾಯಿತು. ಲಿವರ್‌ಪೂಲ್‌ನ ಬ್ರಾಡ್‌ಗ್ರೀನ್‌ನಲ್ಲಿ ಮೈತ್ರಿಕೂಟದ ಅಧಿಕೃತ ಎಸ್‌ಡಿಪಿ ಅಭ್ಯರ್ಥಿಯ ವಿರುದ್ಧ ಲಿಬರಲ್ ಪಕ್ಷದವರೊಬ್ಬರು ಕಣಕ್ಕಿಳಿದರು.

ಸಾರ್ವತ್ರಿಕ ಚುನಾವಣೆಗಳು

1983ರ ಜೂನ್ 9ರ ಚುನಾವಣೆಯ ಫಲಿತಾಂಶ:
ಕನ್ಸರ್ವೇಟಿವ್ – ಶೇ. 42.4 ಮತ, 397 ಸ್ಥಾನ
ಲೇಬರ್ – ಶೇ. 27.6 ಮತ, 209 ಸ್ಥಾನ
ಮೈತ್ರಿಕೂಟ – ಶೇ. 25.4 ಮತ, 23 ಸ್ಥಾನ (ಲಿಬರಲ್ 17, ಎಸ್‌ಡಿಪಿ 6)

1987ರ ಜೂನ್ 11ರ ಚುನಾವಣೆಯ ಫಲಿತಾಂಶ:
ಕನ್ಸರ್ವೇಟಿವ್ – ಶೇ. 42.2 ಮತ, 376 ಸ್ಥಾನ
ಲೇಬರ್ – ಶೇ. 30.8 ಮತ, 229 ಸ್ಥಾನ
ಮೈತ್ರಿಕೂಟ – ಶೇ. 22.6 ಮತ, 22 ಸ್ಥಾನ (ಲಿಬರಲ್ 17, ಎಸ್‌ಡಿಪಿ 5)

1983ರಲ್ಲಿ ಮೈತ್ರಿಕೂಟಕ್ಕೂ ಲೇಬರ್ ಪಕ್ಷಕ್ಕೂ ಇದ್ದ ಅಂತರ ಸುಮಾರು 7 ಲಕ್ಷ ಮತಗಳು ಮಾತ್ರ. ಆದರೆ ಸರಾಸರಿ ಲೆಕ್ಕದಲ್ಲಿ ಲೇಬರ್ ಪಕ್ಷಕ್ಕೆ ಸುಮಾರು 40 ಸಾವಿರ ಮತಗಳಿಗೆ ಒಂದು ಸ್ಥಾನ ದೊರೆತರೆ, ಮೈತ್ರಿಕೂಟಕ್ಕೆ ಸುಮಾರು 3,38,000 ಮತಗಳಿಗೆ ಒಂದು ಸ್ಥಾನ ದೊರೆಯಿತು. ವಿಲಿಯಮ್ಸ್ ಮತ್ತು ರಾಜರ್ಸ್ ಇಬ್ಬರೂ ಸೋತರು. ಜೆಂಕಿನ್ಸ್ ನಂತರ ಓವೆನ್ ಎಸ್‌ಡಿಪಿಯ ನಾಯಕರಾದರು.

ಸ್ಥಾನಗಳ ಕೊರತೆಗೆ ಕಾರಣ

ಬ್ರಿಟನ್ನಿನಲ್ಲಿ, ಭಾರತದ ಲೋಕಸಭಾ ಚುನಾವಣೆಯಲ್ಲಿರುವಂತೆಯೇ, ಕ್ಷೇತ್ರದಲ್ಲಿ ಅತಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ; ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಈ ಪದ್ಧತಿಯಲ್ಲಿ ಒಟ್ಟು ಮತಗಳಷ್ಟೇ ಅವು ಎಲ್ಲಿ ಬಿದ್ದಿವೆ ಎಂಬುದೂ ಮುಖ್ಯ. ಲೇಬರ್ ಪಕ್ಷದ ಮತಗಳು ಕೈಗಾರಿಕಾ ನಗರಗಳಲ್ಲಿ, ಗಣಿ ಪ್ರದೇಶಗಳಲ್ಲಿ ಮತ್ತು ಸ್ಕಾಟ್ಲೆಂಡ್‌ನಲ್ಲಿ ಕೇಂದ್ರೀಕೃತವಾಗಿದ್ದವು. ಮೈತ್ರಿಕೂಟದ ಮತಗಳು ಎಲ್ಲ ವರ್ಗಗಳಲ್ಲಿ, ಎಲ್ಲ ಪ್ರದೇಶಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಿದ್ದವು. ಹೀಗಾಗಿ 300ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ಅದು ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಮತಪ್ರಮಾಣಕ್ಕೆ ಅನುಗುಣವಾಗಿ ಸ್ಥಾನ ಹಂಚಿದ್ದರೆ ಅದಕ್ಕೆ ಸುಮಾರು 165 ಸ್ಥಾನಗಳು ಸಿಗುತ್ತಿದ್ದವು. ಅನುಪಾತೀಯ ಪ್ರಾತಿನಿಧ್ಯವು ಮೈತ್ರಿಕೂಟದ ಪ್ರಮುಖ ಬೇಡಿಕೆಯಾಗಿತ್ತು. ಆದರೆ ಪದ್ಧತಿಯನ್ನು ಬದಲಿಸಲು ಅದೇ ಪದ್ಧತಿಯಲ್ಲಿ ಮೊದಲು ಗೆಲ್ಲಬೇಕಾಗಿತ್ತು.

ಮೈತ್ರಿಕೂಟವು ಸರ್ಕಾರ ವಿರೋಧಿ ಮತಗಳನ್ನು ಒಡೆದು ಥ್ಯಾಚರ್ ಅವರಿಗೆ ನೆರವಾಯಿತೆಂಬ ಟೀಕೆಯಿದೆ. ಅದರ ಎಲ್ಲ ಮತದಾರರೂ ಲೇಬರ್ ಪಕ್ಷಕ್ಕೆ ಮರಳುತ್ತಿದ್ದರೆಂದು ಭಾವಿಸುವುದು ಸರಿಯಲ್ಲವೆಂಬುದು ಇನ್ನೊಂದು ವಾದ.

ವಿಲೀನ ಮತ್ತು ನಂತರ

ಇಬ್ಬರು ನಾಯಕರ ವ್ಯವಸ್ಥೆ ಹಾಗೂ ಅಣ್ವಸ್ತ್ರ ನೀತಿಯ ಭಿನ್ನಾಭಿಪ್ರಾಯ ಮೈತ್ರಿಯನ್ನು ದುರ್ಬಲಗೊಳಿಸಿದವು. 1986ರಲ್ಲಿ ಈಸ್ಟ್‌ಬೋರ್ನ್‌ನ ಲಿಬರಲ್ ಅಧಿವೇಶನವು ರಕ್ಷಣಾ ನೀತಿಯಲ್ಲಿ ತನ್ನ ನಾಯಕತ್ವದ ನಿಲುವನ್ನೇ ತಿರಸ್ಕರಿಸಿತು. 1987ರ ಫಲಿತಾಂಶದ ಬಳಿಕ ಸ್ಟೀಲ್ ವಿಲೀನವನ್ನು ಪ್ರಸ್ತಾಪಿಸಿದರು. ಎಸ್‌ಡಿಪಿ ಸದಸ್ಯರ ಬಹುಮತ ವಿಲೀನದ ಮಾತುಕತೆಯ ಪರವಾಗಿದ್ದುದರಿಂದ ಓವೆನ್ ನಾಯಕತ್ವ ತ್ಯಜಿಸಿದರು. 1988ರ ಮಾರ್ಚ್‌ನಲ್ಲಿ ಪಕ್ಷಗಳು ಒಂದಾದವು. 1989ರಲ್ಲಿ ಹೊಸ ಪಕ್ಷವು ಲಿಬರಲ್ ಡೆಮಾಕ್ರಟ್ಸ್ ಎಂಬ ಹೆಸರನ್ನು ಪಡೆಯಿತು. ಓವೆನ್ ಮುಂದುವರಿಸಿದ ಪ್ರತ್ಯೇಕ ಎಸ್‌ಡಿಪಿ 1990ರಲ್ಲಿ ವಿಸರ್ಜನೆಗೊಂಡಿತು.

ವಿಲೀನಗೊಂಡ ಪಕ್ಷವು ಗೆಲ್ಲಬಹುದಾದ ಕ್ಷೇತ್ರಗಳ ಮೇಲೆ ಶಕ್ತಿಯನ್ನು ಕೇಂದ್ರೀಕರಿಸಿತು. 1997ರಲ್ಲಿ ಕೇವಲ ಶೇ. 16.8 ಮತಗಳಿಂದ 46 ಸ್ಥಾನಗಳನ್ನು, ಅಂದರೆ 1983ರಲ್ಲಿ ಪಡೆದದ್ದಕ್ಕಿಂತ ಸರಿಯಾಗಿ ಎರಡು ಪಟ್ಟು ಸ್ಥಾನಗಳನ್ನು ಗಳಿಸಿತು. 2010ರಲ್ಲಿ ಕನ್ಸರ್ವೇಟಿವ್ ಪಕ್ಷದೊಂದಿಗೆ ಸಮ್ಮಿಶ್ರ ಸರ್ಕಾರ ರಚಿಸಿತು. ಪರ್ಯಾಯ ಮತ ಪದ್ಧತಿಯ ಬಗ್ಗೆ 2011ರಲ್ಲಿ ಜನಮತಗಣನೆ ನಡೆದಾಗ ಮೂರನೇ ಎರಡು ಭಾಗಕ್ಕೂ ಹೆಚ್ಚು ಮತದಾರರು ಬದಲಾವಣೆಯನ್ನು ತಿರಸ್ಕರಿಸಿದರು.